ನೂಲು ಕಡಿದ ಪಾಟು

2024ರ ಜೂನ್ 11, ಮಂಗಳವಾರ, ಬೆಳಿಗ್ಗೆ 10.40. ಗಾಂಧಿಪುರಂನ ಒಂದು ಕಿವಿ ಆಸ್ಪತ್ರೆ. ನನ್ನ ಎದುರು ಬೆಂಚಿನಲ್ಲಿ ಮಗ್ಗದ ಊರು ಕರುಮತ್ತಂಪಟ್ಟಿಯ, ಕನ್ನಡ ಮನೆಮಾತಿನ ತಾಯಿ, ಮಗ. ತಾಯಿಯ ಕಿವಿ ಪರೀಕ್ಷೆ ಮುಗಿದಿತ್ತು, ಡಾಕ್ಟರು ಇನ್ನೂ ಕರೆದಿರಲಿಲ್ಲ. ತನ್ನ ತುಟಿ ತಾಯಿಗೆ ಕಾಣುವ ಹಾಗೆ ತಿರುಗಿ ಕೂತು, ಮಗ ಹೆಡ್‌ಫೋನನ್ನು ಅವರ ಕಿವಿಗೆ ಹಾಕಿದ.

“ನನ್ನ ಆಲ್ಬಮ್, ಅವ್ವ. ಶುಕ್ರವಾರ ಬರುತ್ತೆ. ಮೊದಲು ನೀನು ಕೇಳ್ಬೇಕು.”

“ನಿನ್ನ ಇಂಗ್ಲಿಷ್ ಒಪ್ಪಾರಿ ಪಾಟಾ, ಸಾವಿಗೆ ಅಳೋ ಹಾಡಾ?”

“ಬ್ಲೂಸ್, ಅವ್ವ. ಈ ಸಲ ಫಂಕ್, ಸೋಲ್ ಎಲ್ಲಾ ಬೆರೆಸಿದೀನಿ. ಅಳ್ತಾ ಅಳ್ತಾ ಕುಣೀಬಹುದು.”

“ಸಾವಿನ ಮನೇಲಿ ನಮ್ಮೋರೂ ಕುಣೀತಾರೆ. ಹಾಕು.”

ಹಾಡು ಶುರುವಾಯಿತು.

“ಅಯ್ಯೋ, ನಮ್ಮ ತರಿ ಓಡ್ತಿದೆ!”

“ಹೂಂ, ನಮ್ಮ ಮಗ್ಗಾನೇ. ಮಾರೋ ಮುಂಚೆ ಆ ಸದ್ದು ರೆಕಾರ್ಡ್ ಮಾಡಿದ್ದೆ.”

“ನಿಲ್ಸು, ನಿಲ್ಸು! ಒಂದು ಏಟು ತಪ್ತಾ ಇದೆ. ನೂಲು ಕಡಿದಿದೆ.”

“ಕಡಿದಿಲ್ಲ, ಅವ್ವ. ಆ ಏಟು ನಾನೇ ಬಿಟ್ಟಿದ್ದು. ಫಂಕ್ ಅಂದ್ರೆ ಹಂಗೇ.”

“ಸರಿ ನವನೀತಾ. ನಿನ್ನ ಗಿಟಾರ್ ಯಾವಾಗ ಬರುತ್ತೆ?”

ಅವನು ಸದ್ದು ಹೆಚ್ಚಿಸಿದ. ಹೆಡ್‌ಫೋನಿನಿಂದ ಸೋರಿದ ಗಿಟಾರ್ ಎದುರು ಕೂತ ನನಗೂ ಕೇಳುತ್ತಿತ್ತು.

“ಈಗ ಬರುತ್ತೆ, ಅವ್ವ.”

“ಬರ್ಲಿ, ನನ್ನ ಕಣ್ಣೇ, ಕಾಯ್ತೀನಿ.”

ನರ್ಸ್ “ಕಾಮಾಕ್ಷಿಯಮ್ಮ” ಎಂದು ಕೂಗಿದಳು. ಮಗ ಎದ್ದ. ಹೆಡ್‌ಫೋನ್ ತೆಗೆಯದೆಯೇ ತಾಯಿ ಅವನ ಹಿಂದೆ ಹೋದರು. ಬಾಗಿಲು ಮುಚ್ಚುವ ಮುಂಚೆ ಡಾಕ್ಟರು ತಮಿಳಿನಲ್ಲಿ ಹೇಳಿದ್ದು ಕೇಳಿಸಿತು: ಮಗ್ಗದಂಥ ದಪ್ಪ ಸದ್ದು ಇನ್ನೂ ಸ್ವಲ್ಪ ಕೇಳುತ್ತದೆ. ಮೇಲಿನ ಸ್ವರಗಳು ಬಹುತೇಕ ಕೇಳುವುದಿಲ್ಲ, ಎರಡೂ ಕಿವಿಗೆ ನಷ್ಟ 85 ಡೆಸಿಬೆಲ್.