ಬುಧವಾರದ ಕಂದು ಚುಕ್ಕೆ

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದಿದ್ದ ಹಿರಿಯರೊಬ್ಬರು ಡಿಶ್‌ವಾಷರಿನ ತಂತಿಯ ಟ್ರೇಯನ್ನು ಕೂಸಿನಂತೆ ಎದೆಗವಚಿಕೊಂಡು ನಿಂತಿದ್ದರು. ಪಕ್ಕದಲ್ಲಿ ಸೊಸೆ. ಟ್ರೇಯ ಕಡ್ಡಿಗಳ ತುದಿಯಲ್ಲೆಲ್ಲ ಪ್ಲಾಸ್ಟಿಕ್ ಕಿತ್ತುಹೋಗಿ ತುಕ್ಕು ಹಿಡಿದಿತ್ತು.

"ಹದಿನಾಲ್ಕು ವರ್ಷ ಆಯ್ತು ಮಾವ. ಹೊಸ ಮಿಷನ್ನೇ ತಗೊಳ್ಳೋಣ."

"ಸುಮ್ನಿರಮ್ಮ. ತುಕ್ಕು ಉಜ್ಜಿ, ಪೇಂಟ್ ಹಚ್ಚಿ, ತುದಿಗೆ ರಬ್ಬರ್ ಮುಚ್ಚಳ ಹಾಕಿದ್ರೆ ಇನ್ನೂ ಹತ್ತು ವರ್ಷ ಓಡುತ್ತೆ. ನಲವತ್ತು ವರ್ಷ ಸೈಕಲ್ ರಿಪೇರಿ ಮಾಡಿದ ಕೈ ಇದು."

"ಕಡ್ಡಿ ಸರಿಹೋಗುತ್ತೆ. ಲೋಟದ ಮೇಲೆ ಕೂರೋ ಕಂದು ಚುಕ್ಕೆ?"

"ಅದೂ ಈ ಕಡ್ಡಿಯಿಂದಾನೇ."

"ಹಾಗಾದ್ರೆ ದಿನಾ ಕೂರ್ಬೇಕಲ್ವಾ? ಬರೀ ಬುಧವಾರ ಯಾಕೆ?"

ಹಿರಿಯರು ತಲೆಯೆತ್ತಿ ಅಂಗಡಿಯ ಫ್ಯಾನ್ ನೋಡತೊಡಗಿದರು.

"ಮಾವ, ನಾನು ಆಫೀಸಿಗೆ ಹೋಗೋದು ಬುಧವಾರ ಮಾತ್ರ. ನಾನು ಹೋದ್ಮೇಲೆ ಮಿಷನ್‌ನಲ್ಲಿ ಏನು ತೊಳೀತೀರಾ?"

"ಏನಿಲ್ಲಮ್ಮ... ಒಂದೆರಡು ಹಳೇ ಸೈಕಲ್ ಚೈನು."

"ನಾವು ನೀರು ಕುಡಿಯೋ ಲೋಟದ ಜೊತೇನಾ?"

"ಛೇ ಛೇ! ಲೋಟ ಮೇಲಿನ ಟ್ರೇ, ಚೈನು ಕೆಳಗಿನ ಟ್ರೇ."

ಸೊಸೆಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವರ ಸರದಿ ಬಂತು.

"ರಬ್ಬರ್ ಮುಚ್ಚಳ ಇಪ್ಪತ್ತು, ಟ್ರೇಗೆ ಹಚ್ಚೋ ಪೇಂಟ್ ಒಂದು ಡಬ್ಬಿ ಕೊಡಿ," ಎಂದಳು. "ಹಾಗೇ ಒಂದು ಬೀಗ."

"ಬೀಗ ಯಾವುದಕ್ಕಮ್ಮ?" ಅಂಗಡಿಯವನು ಕೇಳಿದ.

"ಡಿಶ್‌ವಾಷರಿಗೆ."

ಅವಳು ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಹಿಂದೆಯೇ ಹೊರಟ ಹಿರಿಯರು ತಿರುಗಿ ಬಂದು ಅಂಗಡಿಯವನ ಕಿವಿಯ ಹತ್ತಿರ ಬಗ್ಗಿದರು.

"ಆ ಬೀಗಕ್ಕೆ ಕೀ ಎರಡು ಇರುತ್ತಲ್ವಾ?"