ಬಲಗಾಲಿನ ಗೋಲು

ಮೂಡಬಿದ್ರೆಯ ಬಸ್ಸು ಬಂಟ್ವಾಳ ಬಿಟ್ಟಾಗಿನಿಂದ ಹುಕ್ರಪ್ಪನ ಕಿವಿ ಮುಂದಿನ ಸೀಟಿನಲ್ಲೇ ಇತ್ತು. ಅಲ್ಲಿ, ಮಡಿಲಲ್ಲಿ ಖಾಲಿ ಬಾಟಲಿ ಇಟ್ಟುಕೊಂಡ ಸೇಸಮ್ಮನಿಗೆ ಅವಳ ಅಣ್ಣನ ಮಗ ಶೀನಪ್ಪ ಆಗಷ್ಟೇ ಸಿಕ್ಕಿದ ಬೊಂಬಾಯಿಯ ಕಾಗದ ಓದಿ ಹೇಳುತ್ತಿದ್ದ.

"ನಿಮ್ಮ ಮಗ ರಮಾನಾಥ ಹೋಟೆಲಿನವರ ಫುಟ್‌ಬಾಲಿನಲ್ಲಿ ಎರಡು ಗೋಲು ಹೊಡೆದನಂತೆ ಅತ್ತೆ."

"ಹೊಡೆದ ಅಂದರೆ? ಕೋಲಿನಲ್ಲಿಯಾ?"

"ಅಲ್ಲ, ಕಾಲಿನಲ್ಲಿ. ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ದಾಟಿಸಿದರೆ ಗೋಲು ಹೊಡೆದ ಅಂತ ಹೇಳುವುದು."

"ಕೈಯಲ್ಲಿ ದಾಟಿಸಿದರೆ?"

"ಅದು ಲೆಕ್ಕಕ್ಕಿಲ್ಲ."

"ಯಾವ ಕಾಲಂತೆ?"

ಶೀನಪ್ಪ ಕಾಗದದ ಮೇಲೆ ಬೆರಳಾಡಿಸಿದ. "ಎರಡೂ ಬಲಗಾಲಿನಲ್ಲೇ ಅಂತ ಉಂಟು."

"ಮುರಿದದ್ದು ಅದೇ ಕಾಲಲ್ಲವಾ!" ಸೇಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಗುಣ ಆಯ್ತು ಅಂತ ನಾಲ್ಕು ಕಾಗದ ಬರೆದ. ನಾನು ನಂಬಿರಲಿಲ್ಲ ಮಾರಾಯ."

ಹಿಂದೆ ಕೂತ ಹುಕ್ರಪ್ಪನೂ ನೆಮ್ಮದಿಯ ಉಸಿರು ಬಿಟ್ಟ. ಅಷ್ಟರಲ್ಲಿ ಸಿದ್ಧಕಟ್ಟೆ ಬಂತು.

"ಇನ್ನು ಅವನಿಗೆ ಇಲ್ಲಿಯ ಪಂಡಿತರ ಎಣ್ಣೆ ಕಳುಹಿಸುವುದು ಬೇಡವಲ್ಲ? ಇಳಿಯದೆ ಸೀದಾ ಮನೆಗೇ ಹೋಗುವ," ಎಂದ ಶೀನಪ್ಪ.

"ಇಳಿ, ಇಳಿ. ಎರಡು ತಿಂಗಳಿಂದ ನನ್ನ ಮೊಣಗಂಟು ನೋಯ್ತಾ ಉಂಟು. ಅವನ ಕಾಲು ಸರಿಯಾಗದೆ ನನ್ನದನ್ನು ಹೇಗೆ ಹೇಳುವುದು?"

ಸೇಸಮ್ಮ ಬಾಟಲಿ ಹಿಡಿದು, ಈಗ ಯಾರಿಗೂ ಮುಚ್ಚಿಡದೆ ಕುಂಟುತ್ತಾ ಇಳಿದಳು.