ಟರ್ಬೊ ತಡೆಯುವ ಹೆಡ್

೧೯೮೬ರ ಬೇಸಿಗೆ. ಗದಗ ಬಸ್ ನಿಲ್ದಾಣದಲ್ಲಿ ಮುಂಡರಗಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬೋರ್‌ವೆಲ್ ಗಾಡಿಯ ಇಬ್ಬರು ಕೂತಿದ್ದರು. ಕೊರೆಯುವ ಅಂದಾನಪ್ಪ, ಎಂಜಿನ್ ನೋಡಿಕೊಳ್ಳುವ ಮಾರ್ತಾಂಡರಾಯರು. ಕಾಲ ಬಳಿ ಗೋಣಿತಟ್ಟಿನಲ್ಲಿ ಸುತ್ತಿದ ಹೊಸ ಸಿಲಿಂಡರ್ ಹೆಡ್ ಇತ್ತು; ಕೆಟ್ಟು ನಿಂತ ಎಂಜಿನ್ನಿಗೆ ಹಾಕುವ ಲೋಹದ ಮುಚ್ಚಳ.

“ಇದು ಬೆಟಗೇರಿ ಎರಕ, ಅಂದಾನಪ್ಪ. ಸಾದಾ ಎಂಜಿನ್ನಿಗೆ ನಡೀತೈತಿ. ನಮ್ಮದು ಗಾಳಿ ಒತ್ತಿ ತುಂಬೂ ಟರ್ಬೊ, ಆ ಒತ್ತಡಕ್ಕ ಬಿರೀತೈತಿ.”

“ಹುಬ್ಬಳ್ಳಿದು ಹೆಂಗ್ರಿ?”

“ಅದು ದಪ್ಪ ಐತಿ, ತಡೀತೈತಿ. ಬರಾಕ ಮೂರು ದಿನ ಬೇಕಂತ.”

“ಅಷ್ಟರಾಗ ಅಡರಕಟ್ಟಿ ಬೋರ್ ಕುಸೀತೈತ್ರಿ. ಕೊರಿಯೂ ರಾಡು ಇನ್ನೂರಡಿ ಒಳಗ ಸಿಕ್ಕೊಂಡಾವು. ಎಂಜಿನ್ ನಡಸಿ ಗಾಳಿ ಕೊಡದ ಮ್ಯಾಲ ಬರೂದಿಲ್ಲ. ಅವು ಹೋದ್ರ ಗಾಡೀನ ಹೋದಂಗ.”

“ಗೊತ್ತೈತಿ.”

“ಒಂದು ತಾಸು ನಡದ್ರ ಸಾಕ್ರಿ.”

“ಹೋದ ವರ್ಷ ನಾನೂ ಹಂಗ ಅಂದಿದ್ದೆ. ಹೆಡ್ ಒಡದು, ಕುದಿಯೂ ನೀರು ಸಿಡಿದು, ನನ್ನ ತಮ್ಮ ಶ್ರೀಪಾದನ ಕಣ್ಣು ಹೋತು.”

ಅಂದಾನಪ್ಪ ಹೆಡ್ಡಿನ ಗೋಣಿತಟ್ಟು ಸರಿಮಾಡಿದ.

“ನೀವು ದೂರ ನಿಲ್ರಿ. ಎಂಜಿನ್ ನಾ ಚಾಲೂ ಮಾಡ್ತೀನಿ.”

“ನಿನಗ ಎಂಜಿನ್ ಏನ್ ಗೊತ್ತೈತಿ?”

“ಏನೂ ಗೊತ್ತಿಲ್ರಿ. ಬ್ಯಾರೆ ದಾರೀನೂ ಗೊತ್ತಿಲ್ಲ.”

ಅಡರಕಟ್ಟಿ ಕಡೆಗೆ ಹೋಗುವ ಲಕ್ಷ್ಮೇಶ್ವರದ ಬಸ್ಸು ಬಂತು. ರಾಯರು ಬಗ್ಗಿ ಹೆಡ್ಡಿನ ಒಂದು ತುದಿ ಹಿಡಿದರು.

“ಆ ಕಡೆ ಹಿಡಿ. ಚಾಲೂ ನಾನ ಮಾಡ್ತೀನಿ. ನೀ ಹತ್ರ ಬಂದ್ರ ನಾ ಎಂಜಿನ್ನಿಗೆ ಕೈ ಹಚ್ಚೂದಿಲ್ಲ.”

ಇಬ್ಬರೂ ಹೆಡ್ ಹೊತ್ತು ಬಸ್ಸು ಹತ್ತಿದರು.